ಶಾಲೆಯ ಕುಡಿಯುವ ನೀರೂ ಸೀಸದ ದೋಷವೂ

ನೀರು ತಿಳಿಯಾಗಿದ್ದು, ಅದನ್ನು ಕುದಿಸಿ ಸೋಸಿದರೆ ನಿರ್ದೋಷವಾಗುವುದೆಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬೇರೂರಿರುವುದಷ್ಟೆ. ಕ್ರಿಮಿಗಳ ವಿಷಯದಲ್ಲಿ ಇದು ಯಥಾರ್ಥವೇ. ಆ ಪದ್ಧತಿಯನ್ನು ಯಾರೂ ಬಿಡತಕ್ಕದ್ದಲ್ಲ. ಆದರೆ ಸೀಸದ ಮಾತು ಬೇರೆ. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುವುದೇ ಹೊರತು ಸೀಸವು ಹೋಗದು. ಉಳಿದ ನೀರಿನಲ್ಲಿ ಅದರ ಪ್ರಮಾಣವು ಹೆಚ್ಚುವುದು.

ಈ ದೋಷವು ಸಾಮಾನ್ಯವಾಗಿ ಕೆರೆಯಿಂದಲೋ ಹೊಳೆಯಿಂದಲೋ ಬಂದುದಲ್ಲ, ಹಾದಿಯಲ್ಲಿ ಸೇರಿದುದು. ಹಳೆಯ ಸೀಸದ ಕೊಳವೆ, ಸೀಸ ಬೆರೆತ ಬೆಸುಗೆ, ಹಿತ್ತಾಳೆಯ ನಲ್ಲಿ, ಇವು ಅದರ ಆಕರಗಳು. ನೀರು ಇವುಗಳೊಳಗೆ ನಿಶ್ಚಲವಾಗಿ ನಿಂತಷ್ಟೂ ಸೀಸವು ಹೆಚ್ಚಾಗಿ ಕರಗುವುದು. ಶಾಲೆಯಾದರೋ ರಾತ್ರಿಯಲ್ಲಿಯೂ ಭಾನುವಾರದಲ್ಲಿಯೂ ಬೇಸಗೆಯ ರಜದಲ್ಲಿಯೂ ಮುಚ್ಚಿರತಕ್ಕ ಕಟ್ಟಡ. ಸೋಮವಾರ ಬೆಳಗ್ಗೆ ಮೊದಲು ನಲ್ಲಿಗೆ ಬೊಗಸೆಯೊಡ್ಡುವ ಬಾಲಕನ ಪಾಲಿಗೆ ಬರುವುದು ಆ ನಿಂತ ನೀರೇ.

ಹೊಟ್ಟೆಗೆ ಸೇರಿದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ಅದರಿಂದ ಗ್ರಹಣಶಕ್ತಿಯೂ ಏಕಾಗ್ರತೆಯೂ ಕುಂದುವುವು. ಇಷ್ಟು ಸೀಸವು ನಿರಪಾಯಕರವೆಂದು ಹೇಳಬಹುದಾದ ಮಿತಿಯೇ ಕಂಡುಬಂದಿಲ್ಲ. ಪಾಠವು ತಲೆಗೆ ಹತ್ತದ ಹುಡುಗನನ್ನು ಮಂದಮತಿಯೆಂದು ಗದರುವ ಮುನ್ನ ಅವನು ಕುಡಿಯುವ ನೀರು ಎಂಥದೆಂದು ವಿಚಾರಿಸುವುದು ಉಪಾಧ್ಯಾಯರ ಧರ್ಮವು.

ಅಮೆರಿಕದ ಮಿಷಿಗನ್ ಸಂಸ್ಥಾನದ ಫ್ಲಿಂಟ್ ಪಟ್ಟಣದವರು ೨೦೧೪ರ ಏಪ್ರಿಲಿನಲ್ಲಿ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು ಊರಿನ ನದಿಯ ನೀರನ್ನು ಬಳಸತೊಡಗಿದರು. ಅದು ಕೊಳವೆಯನ್ನು ಸವೆಸುವ ಗುಣವುಳ್ಳದ್ದು. ಸವೆತವನ್ನು ತಡೆಯುವ ದ್ರವ್ಯವನ್ನು ಅದಕ್ಕೆ ಬೆರೆಸಲಿಲ್ಲ. ಜನರು ಮೊರೆಯಿಟ್ಟರೂ ಅಧಿಕಾರಿಗಳು ನೀರು ನಿರ್ದೋಷವೆಂದೇ ಹೇಳುತ್ತಿದ್ದರು. ೨೦೧೫ರ ಸೆಪ್ಟೆಂಬರಿನಲ್ಲಿ ಮೋನಾ ಹನ್ನಾ-ಅತೀಶಾ ಎಂಬ ಶಿಶುವೈದ್ಯೆಯು, ರಕ್ತದಲ್ಲಿ ಸೀಸವು ಹೆಚ್ಚಿದ್ದ ಮಕ್ಕಳ ಪ್ರಮಾಣವು ಏರಿರುವುದನ್ನು ಬಹಿರಂಗಪಡಿಸಿದಳು. ಮರುತಿಂಗಳೇ ಸರೋವರದ ನೀರು ಮರಳಿ ಬಂದಿತು. ಅದೇ ಸಂಸ್ಥಾನವು ೨೦೨೩ರಲ್ಲಿ, ಶಾಲೆಗಳಲ್ಲಿ ಸೀಸವನ್ನು ಹಿಡಿಯುವ ಫಿಲ್ಟರುಗಳನ್ನು ಇಡಬೇಕೆಂದು ಶಾಸನ ಮಾಡಿತು.

ಇದು ದೂರದೇಶದ ವೃತ್ತಾಂತವೆಂದು ನಾವು ನಿಶ್ಚಿಂತರಾಗಿರಲಾಗದು. ನಮ್ಮ ದೇಶದಲ್ಲಿ ಪಿ.ವಿ.ಸಿ. ಕೊಳವೆಗಳಿಗೆ ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿಯಿದ್ದುದರಿಂದಲೇ ಅದನ್ನು ತಡೆಯಲು ಕೇಂದ್ರ ಸರ್ಕಾರವು ೨೦೨೧ರಲ್ಲಿ ನಿಯಮಗಳನ್ನು ಹೊರಡಿಸಿತು. ಕುಡಿಯುವ ನೀರಿನ ಲೀಟರೊಂದರಲ್ಲಿ ಸೀಸವು ೦.೦೧ ಮಿಲಿಗ್ರಾಂ ಮೀರಕೂಡದೆಂಬುದು ಭಾರತೀಯ ಮಾನಕವು.

ಮೊದಲು ಮಾಡತಕ್ಕದ್ದು ಪರೀಕ್ಷೆ. ರಾತ್ರಿಯೆಲ್ಲಾ ನಿಂತ ನೀರನ್ನು, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುನ್ನ, ಕಾಲು ಲೀಟರಿನಷ್ಟು ಹಿಡಿದು ಪ್ರಯೋಗಶಾಲೆಗೆ ಕಳುಹಿಸಬೇಕು. ಒಂದು ನಲ್ಲಿಯ ನೀರು ಶುದ್ಧವಾಗಿದ್ದು ಪಕ್ಕದ್ದರ ನೀರು ಕೆಟ್ಟಿರಬಹುದಾದುದರಿಂದ ಪ್ರತಿಯೊಂದನ್ನೂ ಪರೀಕ್ಷಿಸಬೇಕು. ದೋಷವುಳ್ಳ ನಲ್ಲಿಯನ್ನು ಕೂಡಲೇ ಮುಚ್ಚಿ ಬದಲಾಯಿಸಬೇಕು. ಸೀಸವನ್ನು ತೆಗೆಯುವುದೆಂದು ಪ್ರಮಾಣಿತವಾದ ಫಿಲ್ಟರನ್ನೇ ಕೊಂಡು, ಅದರ ಒಳಭಾಗವನ್ನು ಹೇಳಿದ ಅವಧಿಗೆ ಬದಲಿಸಬೇಕು. ಅಲ್ಲಿಯವರೆಗೆ ಪ್ರತಿದಿನವೂ ಗಂಟೆ ಹೊಡೆಯುವ ಮೊದಲು ಕೆಲವು ನಿಮಿಷ ನೀರನ್ನು ಹರಿಯಬಿಟ್ಟು, ಅದನ್ನು ಶಾಲೆಯ ಹೂಗಿಡಗಳಿಗೆ ಹಾಕಬಹುದು.

ತಾಯಂದಿರ ಕೈಯಲ್ಲಿಯೂ ಒಂದು ಉಪಾಯವುಂಟು. ಸುಣ್ಣದಂಶ, ಕಬ್ಬಿಣದಂಶಗಳ ಕೊರತೆಯುಳ್ಳ ದೇಹವು ಸೀಸವನ್ನು ಹೆಚ್ಚಾಗಿ ಹೀರುವುದರಿಂದ ಮಕ್ಕಳಿಗೆ ರಾಗಿ, ಹಾಲು, ಸೊಪ್ಪುಗಳನ್ನು ತಪ್ಪದೆ ಕೊಡಬೇಕು. ಆದರೆ ಇದು ನೀರಿನ ಪರೀಕ್ಷೆಗೆ ಬದಲಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಫಲಿತಾಂಶಗಳ ಪಟ್ಟಿಯನ್ನು ಕೇಳುವಾಗ ನೀರಿನ ಪರೀಕ್ಷೆಯ ಪಟ್ಟಿಯನ್ನೂ ಕೇಳಿರಿ.