ಕಾರಿನ ಬಣ್ಣ, ಬ್ಯಾಟರಿಯ ಬಾಳಿಕೆ

ವಿದ್ಯುತ್ ಕಾರು ಕೊಳ್ಳಲು ಹೊರಟ ಮನೆಯಲ್ಲಿ ಮೊದಲ ಚರ್ಚೆ ಬಣ್ಣದ್ದು. ಬಿಳಿಯೋ, ಕಪ್ಪೋ? ಇದು ಬರೀ ಅಂದದ ಪ್ರಶ್ನೆಯಲ್ಲ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ. ಬಿಳಿ ಹೆಚ್ಚು ಪ್ರತಿಫಲಿಸುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಒಳಗನ್ನು ತಂಪಾಗಿಸಲು ಏ.ಸಿ. ಹೆಚ್ಚು ದುಡಿಯಬೇಕು. ಅದಕ್ಕೆ ವಿದ್ಯುತ್ತು ಬರುವುದು ಚಕ್ರ ತಿರುಗಿಸುವ ಬ್ಯಾಟರಿಯಿಂದಲೇ.

ಆದರೆ ಬ್ಯಾಟರಿಯ ಆಯುಷ್ಯಕ್ಕೆ ಬಣ್ಣಕ್ಕಿಂತ ಮುಖ್ಯವಾದದ್ದು ಚಾರ್ಜ್ ಮಾಡುವ ರೂಢಿ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಲ್ಲಿದ್ದದ್ದು ಸೀಸ-ಆಮ್ಲ ಬ್ಯಾಟರಿ. ಅಂಥದ್ದನ್ನು ಖಾಲಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ. ಹಾಗಾಗಿ ಅದನ್ನು ಸದಾ ತುಂಬಿಸಿಡುವುದೇ ಜಾಣತನ.

ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಯ ಸ್ವಭಾವ ಬೇರೆ. ಪೂರ್ತಿ ತುಂಬಿಸಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಸಾಮರ್ಥ್ಯ ಕುಗ್ಗುತ್ತದೆ. ತೀರಾ ಬರಿದಾಗಿಸಿ ಬಿಡುವುದೂ ಒಳ್ಳೆಯದಲ್ಲ. ದಿನನಿತ್ಯದ ಓಡಾಟಕ್ಕೆ ಶೇ. 20ರಿಂದ 80ರ ನಡುವೆ ಇಟ್ಟುಕೊಂಡರೆ ಸಾಕು. ದೂರದ ಪ್ರಯಾಣವಿದ್ದರೆ ಹೊರಡುವ ಮುನ್ನ ಪೂರ್ತಿ ತುಂಬಿಸಬಹುದು. ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗೆಯ ಬ್ಯಾಟರಿಯಾದರೆ, ಉಳಿದಿರುವ ಚಾರ್ಜಿನ ಲೆಕ್ಕ ತಪ್ಪದಿರಲೆಂದು ಆಗಾಗ ಪೂರ್ತಿ ತುಂಬಿಸುವಂತೆ ಹಲವು ತಯಾರಕರು ಸೂಚಿಸುತ್ತಾರೆ. ಎರಡರಲ್ಲಿ ಯಾವುದೆಂದು ಕಾರಿನ ಕೈಪಿಡಿ ನೋಡಿ ತಿಳಿಯಬೇಕು.

ಬಣ್ಣ ಮಾಸಿದರೆ ಮತ್ತೆ ಬಳಿಸಬಹುದು. ಬ್ಯಾಟರಿ ಸೋತರೆ ಬದಲಿಸುವ ಖರ್ಚು ಲಕ್ಷಗಳಲ್ಲಿ. ನೆರಳು ಕಂಡಲ್ಲಿ ನಿಲ್ಲಿಸುವ ರೂಢಿಯಂತೂ ಯಾವ ಬಣ್ಣದ ಕಾರಿಗೂ ಲಾಭವೇ.