ಹೊಳೆಯಲ್ಲಿ ಪಕ್ಕಕ್ಕೆ ನಿಲ್ಲುವವರು

ರೋಗಿಗೆ ಶುಶ್ರೂಷೆ ಮಾಡುವುದು ಕಷ್ಟ. ಶುಶ್ರೂಷೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿಯುವುದು ಅದಕ್ಕಿಂತಲೂ ಕಷ್ಟ. ಹಾಸಿಗೆ ಹಿಡಿದವರ ಬಾಯಿಗೆ ನೀರು ಹನಿಸುವುದು ಪ್ರೀತಿ. ಎದ್ದು ಓಡಾಡುವವರ ಕೈಯಿಂದ ಲೋಟ ಕಸಿದುಕೊಂಡು ತಾವೇ ಕುಡಿಸಲು ಹೋಗುವುದೂ ಪ್ರೀತಿಯ ಹೆಸರಿನಲ್ಲಿಯೇ ನಡೆಯುತ್ತದೆ. ಮೊದಲನೆಯದು ರೋಗಿಯನ್ನು ಉಳಿಸುತ್ತದೆ. ಎರಡನೆಯದು ಗುಣವಾದವರನ್ನೂ ರೋಗಿಯಾಗಿಯೇ ಉಳಿಸುತ್ತದೆ. ಈ ಎರಡರ ನಡುವಣ ಗೆರೆ ಎಲ್ಲಿದೆಯೆಂಬುದನ್ನು ಅಮೆರಿಕದ ಹೊಳೆಗಳಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಲವರು ಕಲಿಯುತ್ತಿದ್ದಾರೆ. ಅವರು ವೈದ್ಯರಲ್ಲ, ದಾದಿಯರಲ್ಲ. ಮೀನು ಹಿಡಿಯುವ ಹವ್ಯಾಸಿಗಳು.

ಆ ದೇಶದ ವರ್ಮಾಂಟ್ ರಾಜ್ಯದಲ್ಲಿ 1996ರಲ್ಲಿ 'ಕಾಸ್ಟಿಂಗ್ ಫಾರ್ ರಿಕವರಿ' ಎಂಬ ಸಂಸ್ಥೆ ಹುಟ್ಟಿತು. ಸ್ತನ ಕ್ಯಾನ್ಸರಿಗೆ ತುತ್ತಾದ ಹೆಂಗಸರಿಗಾಗಿ ಹೊಳೆಯ ದಂಡೆಯಲ್ಲಿ ಎರಡೂವರೆ ದಿನದ ಶಿಬಿರ ನಡೆಸುವುದು ಅದರ ಕೆಲಸ. ಒಂದು ಶಿಬಿರಕ್ಕೆ ಸಾಮಾನ್ಯವಾಗಿ ಹದಿನಾಲ್ಕು ಮಂದಿಗಿಂತ ಹೆಚ್ಚು ಜನರನ್ನು ಸೇರಿಸುವುದಿಲ್ಲ. ಬಂದವರು ಊಟ ವಸತಿಗಳಿಗಾಗಿ ಕಾಸನ್ನೂ ತೆರಬೇಕಾಗಿಲ್ಲ. ವಯಸ್ಸಿನ ಕಟ್ಟಿಲ್ಲ, ರೋಗ ಯಾವ ಹಂತದಲ್ಲಿರಬೇಕೆಂಬ ಕಟ್ಟೂ ಇಲ್ಲ. ಇದನ್ನು ಆರಂಭಿಸಿದವರಲ್ಲಿ ಒಬ್ಬಾಕೆ ಸ್ತನದ ಮರುರಚನೆಯಲ್ಲಿ ಪಳಗಿದ ಶಸ್ತ್ರವೈದ್ಯೆ, ಇನ್ನೊಬ್ಬಾಕೆ ಗಾಳದ ವಿದ್ಯೆಯಲ್ಲಿ ನುರಿತವಳು. ಈ ಜೋಡಿ ಮೇಲುನೋಟಕ್ಕೆ ವಿಚಿತ್ರ. ಆದರೆ ಗಾಳ ಬೀಸುವ ತೋಳನ್ನು ನೋಡಿದವರಿಗೆ ಅದರ ಮರ್ಮ ಹೊಳೆಯುತ್ತದೆ.

ಇಲ್ಲಿ ಹೇಳುತ್ತಿರುವುದು ಎರೆಹುಳು ಚುಚ್ಚಿ ಕೆರೆಯ ಏರಿಯ ಮೇಲೆ ತೂಕಡಿಸುವ ಗಾಳದ ಮಾತಲ್ಲ. 'ಫ್ಲೈ ಫಿಷಿಂಗ್' ಎಂಬುದರ ಬಗೆಯೇ ಬೇರೆ. ಕೊಕ್ಕೆಗೆ ಹಕ್ಕಿಯ ಗರಿಯನ್ನೂ ನೂಲನ್ನೂ ಸುತ್ತಿ ನೀರಿನ ಮೇಲಣ ಹುಳುವಿನಂತೆ ಕಾಣುವ ಹುಸಿನೊಣವೊಂದನ್ನು ಮಾಡುತ್ತಾರೆ. ಅದಕ್ಕೆ ತೂಕವೆಂಬುದೇ ಇಲ್ಲವಾದ ಕಾರಣ ಕಲ್ಲಿನಂತೆ ಎಸೆಯಲಾಗದು. ದಪ್ಪನೆಯ ದಾರದ ಭಾರದಿಂದಲೇ ಅದನ್ನು ದೂರಕ್ಕೆ ಒಯ್ಯಬೇಕು. ಸುಮಾರು ಒಂಬತ್ತು ಅಡಿಯ ಹಗುರವಾದ ಕೋಲನ್ನು ಹಿಂದಕ್ಕೆ ಬೀಸಿ, ಬೆನ್ನ ಹಿಂದೆ ದಾರ ನೀಳವಾಗುವವರೆಗೆ ಕ್ಷಣಕಾಲ ತಡೆದು, ಮತ್ತೆ ಮುಂದಕ್ಕೆ ಬೀಸುತ್ತಾರೆ. ಬಲ ಹಾಕಿದವನ ದಾರ ಸಿಕ್ಕಾಗುತ್ತದೆ. ತಡೆಯಬಲ್ಲವನ ದಾರ ಹೂವಿನಂತೆ ನೀರಿನ ಮೇಲೆ ಇಳಿಯುತ್ತದೆ. ಭುಜ, ತೋಳು, ಎದೆಯ ಪಕ್ಕದ ಸ್ನಾಯುಗಳು ಇದರಲ್ಲಿ ಮೆಲ್ಲನೆ ಚಾಚಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ಅನಂತರ ಬಿಗಿದುಕೊಂಡ ತೋಳಿಗೆ ಹೇಳಿಕೊಡುವ ವ್ಯಾಯಾಮವೂ ಹೆಚ್ಚುಕಡಮೆ ಇಂತಹುದೇ.

ಆ ತೋಳಿಗೂ ಒಂದು ಚರಿತ್ರೆಯುಂಟು. ಸ್ತನದ ಗಂಟನ್ನು ತೆಗೆಯುವಾಗ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ಅನೇಕ ವೇಳೆ ತೆಗೆಯಬೇಕಾಗುತ್ತದೆ. ಆಗ ಕೆಲವರಲ್ಲಿ ದುಗ್ಧರಸ ಹರಿದುಹೋಗಲು ದಾರಿ ಸಾಲದೆ ತೋಳು ಊದಿಕೊಳ್ಳುತ್ತದೆ. ಈ ಬಾವಿಗೆ ಹೆದರಿದ ವೈದ್ಯಲೋಕ ಬಹುಕಾಲ ಆ ತೋಳಿನಿಂದ ಶ್ರಮದ ಕೆಲಸ ಮಾಡಬಾರದೆಂದೇ ಬುದ್ಧಿ ಹೇಳುತ್ತಿತ್ತು. ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು ಅದೇ 1996ರಲ್ಲಿ ಇಂತಹ 24 ಹೆಂಗಸರನ್ನು ಉದ್ದನೆಯ ಡ್ರ್ಯಾಗನ್ ದೋಣಿಯಲ್ಲಿ ಕುಳ್ಳಿರಿಸಿ ಹುಟ್ಟುಹಾಕಿಸಿದರು. ಹೊಸದಾಗಿ ಯಾರ ತೋಳೂ ಊದಲಿಲ್ಲ. 2009ರಲ್ಲಿ, ಆಗಲೇ ತೋಳು ಊದಿಕೊಂಡಿದ್ದ 141 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು: ಕ್ರಮವರಿತು ನಿಧಾನವಾಗಿ ಭಾರ ಎತ್ತಿದವರಲ್ಲಿ ಬಾವು ಹೆಚ್ಚಲಿಲ್ಲ; ಅದು ಉಲ್ಬಣಿಸುವುದು ಬದಲಿಗೆ ಕಡಮೆಯಾಯಿತು. ಕಟ್ಟಿಹಾಕಿದ್ದ ಕೈಗೆ ಹೀಗೆ ಬಿಡುಗಡೆ ದೊರೆಯಿತು. ಆದರೆ ವೈದ್ಯರು ಬಿಟ್ಟರೂ ಭಯ ಬಿಡಬೇಕಲ್ಲ! ಆ ಭಯವನ್ನು ಬಿಡಿಸಲು ಪುಸ್ತಕ ಸಾಲದು. ಒಂದು ಹೊಳೆ ಬೇಕು, ಜೊತೆಗೆ ಒಬ್ಬರು ಬೇಕು.

ಶಿಬಿರದ ಮೊದಲ ದಿನಗಳಲ್ಲಿ ಹುಲ್ಲಿನ ಮೇಲೆ ಬೀಸುವ ಅಭ್ಯಾಸ, ಗಂಟು ಹಾಕುವ ಪಾಠ, ನೀರಿನ ಕಲ್ಲುಗಳ ಅಡಿಯ ಹುಳುಗಳ ಪರಿಚಯ. ನಡುನಡುವೆ ಹೆಂಗಸರೆಲ್ಲ ಒಟ್ಟಿಗೆ ಕುಳಿತು, ಮನೆಯವರ ಮುಂದೆ ಆಡಲಾಗದ ಮಾತುಗಳನ್ನು ಆಡಿಕೊಳ್ಳುತ್ತಾರೆ. ಗಂಡನಿಗೆ ದುಃಖವಾಗಬಾರದೆಂದು ನುಂಗಿದ್ದು, ಮಕ್ಕಳು ಹೆದರಬಾರದೆಂದು ಮುಚ್ಚಿಟ್ಟದ್ದು, ಎಲ್ಲವೂ ಅಲ್ಲಿ ಹೊರಬರುತ್ತದೆ. ಕೊನೆಯ ದಿನ ಹೊಳೆಗೆ ಇಳಿಯುವಾಗ ಒಬ್ಬೊಬ್ಬ ಹೆಂಗಸಿಗೂ ಒಬ್ಬೊಬ್ಬ ಸ್ವಯಂಸೇವಕ ಜೊತೆಯಾಗುತ್ತಾನೆ. ಅಥವಾ ಸ್ವಯಂಸೇವಕಿ ಜೊತೆಯಾಗುತ್ತಾಳೆ. ಹಿಂದೆ ಇದೇ ರೋಗವನ್ನು ಅನುಭವಿಸಿ, ಇದೇ ಶಿಬಿರಕ್ಕೆ ಬಂದು ಹೋದವರೂ ಈ ಕೆಲಸಕ್ಕೆ ಹಿಂದಿರುಗುವುದುಂಟು.

ಈ ಜೊತೆಗಾರನ ಸೇವೆ ನೋಡಲು ಸುಲಭ. ಜಾರುಕಲ್ಲಿನ ಮೇಲೆ ಆಕೆ ಹೆಜ್ಜೆಯಿಡುವಾಗ ತೋಳು ಕೊಡುವುದು, ಸಿಕ್ಕಾದ ದಾರ ಬಿಡಿಸುವುದು, ಮೀನು ಸಿಕ್ಕರೆ ಬಲೆಚೀಲ ಹಿಡಿಯುವುದು. ಕಷ್ಟವಿರುವುದು ಮಾಡುವುದರಲ್ಲಲ್ಲ, ಮಾಡದಿರುವುದರಲ್ಲಿ. ಆತ ಪಳಗಿದ ಬೇಟೆಗಾರ. ಮೀನು ಎಲ್ಲಿ ಅಡಗಿದೆಯೆಂದು ನೀರಿನ ಸುಳಿ ನೋಡಿಯೇ ಬಲ್ಲ. ಆಕೆಯ ದಾರ ಮೂರು ಸಲ ತಪ್ಪಿ ಬೀಳುತ್ತದೆ. ಕೋಲನ್ನು ಕೈಗೆ ತೆಗೆದುಕೊಂಡರೆ ಮರುಗಳಿಗೆಯಲ್ಲಿ ಆತ ಮೀನು ಹಿಡಿದು ಕೊಡಬಲ್ಲ. ಆದರೆ ಹಾಗೆ ಹಿಡಿದ ಮೀನು ಆತನದು, ಆಕೆಯದಲ್ಲ. ಎಷ್ಟೋ ತಿಂಗಳಿಂದ ಆಕೆಗೆ ಬೇಕಾದುದನ್ನೆಲ್ಲ ಇತರರೇ ಮಾಡಿದ್ದಾರೆ: ಇತರರು ಕೊಯ್ದರು, ಇತರರು ಹೊಲಿದರು, ಇತರರು ಔಷಧ ಹನಿಸಿದರು. ಈಗ ಆಕೆಯೇ ಮಾಡುವುದೊಂದು ಉಳಿದಿದೆ. ಆದ್ದರಿಂದ ಆತ ಕೈಕಟ್ಟಿ ನಿಂತು, ನಾಲ್ಕನೆಯ ಬೀಸಿಗಾಗಿ ಕಾಯುತ್ತಾನೆ.

ಇಂತಹ ಶಿಬಿರದಲ್ಲಿ ಮೀನನ್ನು ಅಡಿಗೆಮನೆಗೆ ಒಯ್ಯುವುದಿಲ್ಲ. ಕೊಕ್ಕೆ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಾರೆ. ಸುಸ್ತಾದ ಮೀನನ್ನು ಪ್ರವಾಹಕ್ಕೆ ಎದುರಾಗಿ ಎರಡು ಕೈಗಳ ನಡುವೆ ಹಗುರವಾಗಿ ಆನಿಸಿಕೊಂಡಿರಬೇಕು. ಬಿಗಿಯಾಗಿ ಹಿಡಿದರೆ ಅದಕ್ಕೆ ಪೆಟ್ಟು, ಬೇಗನೆ ಬಿಟ್ಟರೆ ಮಗುಚಿ ಬೀಳುತ್ತದೆ. ಅದರ ಬಾಲದಲ್ಲಿ ಕಸುವು ಮರಳಿದಾಗ ತಾನಾಗಿಯೇ ಕೈಯಿಂದ ಜಾರಿ ಹೋಗುತ್ತದೆ. ಜೊತೆಗಾರನ ಧರ್ಮವೆಲ್ಲ ಇದರಲ್ಲಿ ಅಡಗಿದೆ.

ಗಾಳದಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ. ಹಾಗೆಂದು ಅಲ್ಲಿ ಯಾರೂ ಹೇಳುವುದೂ ಇಲ್ಲ. ಬಂದವರಲ್ಲಿ ಕೆಲವರ ರೋಗ ಮೂಳೆಗೂ ಶ್ವಾಸಕೋಶಕ್ಕೂ ಹಬ್ಬಿರಬಹುದು. ಮುಂದಿನ ವರ್ಷದ ಮಾತನ್ನು ಅವರು ಆಡದಿರಬಹುದು. ಅಂತಹವರ ಪಕ್ಕದಲ್ಲಿಯೂ ಜೊತೆಗಾರ ಹೀಗೆಯೇ ನಿಲ್ಲಬೇಕು. ಕನಿಕರದಿಂದ ಕೋಲನ್ನು ಕಸಿದುಕೊಳ್ಳುವಂತಿಲ್ಲ. ಆಯುಷ್ಯ ಎಷ್ಟೇ ಉಳಿದಿರಲಿ, ಅದು ಆಕೆಯ ಕೈಯಲ್ಲಿಯೇ ಇರಬೇಕು.

ಈ ಮಾತು ಅಮೆರಿಕದ ಹೊಳೆಗಳಿಗೆ ಮಾತ್ರ ಸಲ್ಲುವುದಲ್ಲ. 2022ರ ಒಂದೇ ವರ್ಷದಲ್ಲಿ ಜಗತ್ತಿನ ಸುಮಾರು 23 ಲಕ್ಷ ಹೆಂಗಸರಿಗೆ ಈ ರೋಗ ಪತ್ತೆಯಾಯಿತು. ಭಾರತದ ಹೆಂಗಸರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿಯೂ ಇದಕ್ಕೇ ಮೊದಲ ಸ್ಥಾನ. ಆಸ್ಪತ್ರೆಯಿಂದ ಮರಳಿದ ಅತ್ತಿಗೆಗೋ ಚಿಕ್ಕಮ್ಮನಿಗೋ ಮನೆಮಂದಿಯೆಲ್ಲ "ನೀವು ಏನೂ ಮುಟ್ಟಬೇಡಿ, ಸುಮ್ಮನೆ ಕೂತಿರಿ" ಎನ್ನುವುದು ವಾಡಿಕೆ. ಕೆಲವು ದಿನ ಅದು ಬೇಕಾದುದೇ. ವೈದ್ಯರು ಅಪ್ಪಣೆ ಕೊಟ್ಟ ಮೇಲೆ ಆಕೆ ಒಂದು ಬೆಳಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಎಳೆಯಲು ಬಗ್ಗಿದರೆ, ಗೆರೆ ಸೊಟ್ಟಗಾದರೂ ಆಗಲಿ. ಡಬ್ಬಿಯನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತರೆ ಸಾಕು.