ಉಪಾಧ್ಯಾಯಿನಿ “ಅಷ್ಟೇ” ಅಲ್ಲ

“ಹೆಣ್ಣುಮಗುವಿಗೆ ರಸಾಯನಶಾಸ್ತ್ರವೇತಕ್ಕೆ? ಎಷ್ಟು ಓದಿದರೂ ಕಡೆಗೆ ಉಪಾಧ್ಯಾಯಿನಿಯಾಗುವುದಷ್ಟೇ ಅಲ್ಲವೇ?” ಎಂಬ ಮಾತನ್ನು ವರ್ಷಂಪ್ರತಿ ಪೋಷಕರಿಂದ ಕೇಳುತ್ತಿರುವೆನು. ಅದರಲ್ಲಿ “ಅಷ್ಟೇ” ಎಂಬ ಪದಕ್ಕೆ ನನ್ನ ಆಕ್ಷೇಪಣೆಯುಂಟು. ಆದುದರಿಂದ ಕಲ್ಕತ್ತೆಯ ವಿದುಷಿಯೊಬ್ಬರ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡುತ್ತೇನೆ.

ಅಸೀಮಾ ಚಟರ್ಜಿಯವರು 1917ರಲ್ಲಿ ಜನಿಸಿದರು. ಸ್ಕಾಟ್ಲೆಂಡಿನ ಮಿಷನಿನವರಿಂದ ಸ್ಥಾಪಿತವಾದ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1936ರಲ್ಲಿ ರಸಾಯನಶಾಸ್ತ್ರದ ಆನರ್ಸ್ ಪದವಿಯನ್ನು ಪಡೆದರು. 1944ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ಅವರಿಗೆ ಡಿ.ಎಸ್‌ಸಿ. ಪದವಿಯನ್ನಿತ್ತಿತು, ಭಾರತದ ವಿಶ್ವವಿದ್ಯಾನಿಲಯವೊಂದರಿಂದ ಆ ಪದವಿಯನ್ನು ಪಡೆದ ಮೊದಲ ಮಹಿಳೆ ಅವರೇ. ಅದಕ್ಕೂ ಮೊದಲೇ, 1940ರಲ್ಲಿ, ಲೇಡಿ ಬ್ರೇಬೋರ್ನ್ ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಆರಂಭಿಸಿದ್ದರು. 1947ರಲ್ಲಿ ಎಳೆಯ ಮಗಳನ್ನೂ ಆಕೆಯ ದಾದಿಯನ್ನೂ ಕರೆದುಕೊಂಡು ಅಮೆರಿಕಕ್ಕೆ ಸಂಶೋಧನೆಗಾಗಿ ತೆರಳಿದರು. (ಮಗುವಾದ ಮೇಲೆ ಓದು ಮುಗಿಯಿತೆಂದು ನಿಟ್ಟುಸಿರಿಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಸಂಗತಿಯನ್ನು ಗಮನಿಸಬೇಕು.)

ಮರಳಿ ಬಂದ ಮೇಲೆ 1954ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿಗೆ ರೀಡರಾಗಿ ಸೇರಿ, 1962ರಿಂದ 1982ರವರೆಗೆ ಖೈರಾ ಪ್ರಾಧ್ಯಾಪಕ ಪೀಠವನ್ನಲಂಕರಿಸಿದರು. ಅವರ ಕಾರ್ಯವು ಔಷಧಿಸಸ್ಯಗಳ ಶೋಧನೆ. ಸರ್ಪಗಂಧಿಯ ಕುಲದ ಬೇರನ್ನಾಗಲಿ, ಸಪ್ತಪರ್ಣಿಯ ತೊಗಟೆಯನ್ನಾಗಲಿ ಒಣಗಿಸಿ, ಪುಡಿಮಾಡಿ, ದ್ರಾವಕದಲ್ಲಿ ನೆನೆಯಿಸಿ, ಸೋಸಿ, ಬಟ್ಟಿಯಿಳಿಸಿ, ಕಟ್ಟಕಡೆಗೆ ಚಿಟಿಕೆಯಷ್ಟು ಶುದ್ಧವಾದ ಹರಳನ್ನು ಪಡೆಯುವುದು ತಿಂಗಳುಗಟ್ಟಲೆಯ ಕೆಲಸ. ಇದನ್ನು ಪುಸ್ತಕದಿಂದ ಕಲಿಯಲಾಗದು. ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿರಬೇಕು. ಅಂದಿನ ಪ್ರಯೋಗಶಾಲೆಗಳಲ್ಲಿ ಧನವಾಗಲಿ ಉಪಕರಣಗಳಾಗಲಿ ಸಾಕಷ್ಟಿರಲಿಲ್ಲ. ರಾಸಾಯನಿಕಗಳಿಗೂ, ವಿಶ್ಲೇಷಣೆಗಾಗಿ ಪರದೇಶಗಳಿಗೆ ಕಳುಹಿಸುವ ಮಾದರಿಗಳಿಗೂ ಕೆಲವೊಮ್ಮೆ ಕೈಯಿಂದಲೇ ಹಣ ತೆರಬೇಕಾಗುತ್ತಿತ್ತು. ಹೀಗಿದ್ದಾಗ್ಯೂ 50ಕ್ಕೂ ಮಿಕ್ಕ ಶಿಷ್ಯರು ಅವರ ಮಾರ್ಗದರ್ಶನದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1967ರಲ್ಲಿ ತಂದೆಯೂ ಪತಿಯೂ ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ತಾವೂ ಹೃದ್ರೋಗಕ್ಕೆ ತುತ್ತಾದರು. ಚೇತರಿಸಿಕೊಂಡು ಮತ್ತೆ ಶಿಷ್ಯರ ನಡುವೆ ಬಂದು ನಿಂತರು.

1961ರ ಭಟ್ನಾಗರ್ ಪ್ರಶಸ್ತಿ, 1975ರ ಪದ್ಮಭೂಷಣ ಮೊದಲಾದ ಗೌರವಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಶಾಲಾ ಉಪಾಧ್ಯಾಯಿನಿಯಾದ ನನಗೆ ಅವುಗಳಿಗಿಂತ ಪ್ರಿಯವಾದ ಸಂಗತಿ ಬೇರೊಂದಿದೆ: ಅಷ್ಟು ದೊಡ್ಡ ಪೀಠದಲ್ಲಿದ್ದವರು ಪ್ರೌಢಶಾಲೆಯ ಮಕ್ಕಳಿಗಾಗಿ ಬಂಗಾಳಿಯಲ್ಲಿ ರಸಾಯನಶಾಸ್ತ್ರದ ಪಠ್ಯಪುಸ್ತಕವನ್ನು ಬರೆದುಕೊಟ್ಟರು. ಕಲಿಸುವುದನ್ನು ಅವರು ಕೆಳಗಿನ ಕೆಲಸವೆಂದೆಣಿಸಲಿಲ್ಲ.

“ಅಂಥವರು ಲಕ್ಷಕ್ಕೊಬ್ಬರು, ನಮ್ಮ ಮಗಳು ಅಸೀಮಾ ಆದಾಳೇ?” ಎಂದು ಕೇಳುವವರಿರಬಹುದು. ಆಗಬೇಕಾಗಿಯೂ ಇಲ್ಲ. ಆ ಶಿಷ್ಯರೂ ಬಂದ ಮೊದಲ ದಿನ ಅಸೀಮಾ ಆಗಿರಲಿಲ್ಲ. ಬರಲು ಅವರ ಮನೆಯವರು ಅಡ್ಡಿಮಾಡಲಿಲ್ಲವೆಂಬುದಷ್ಟೇ ವಿಶೇಷ. ಕಲಿತ ಒಬ್ಬಳಿಂದ ಹತ್ತು ಮಂದಿ ಕಲಿಯುವ ಈ ಸರಪಳಿಯು ಹತ್ತನೆಯ ತರಗತಿಯ ಬಳಿಕ ಮನೆಯ ಜಗಲಿಯಲ್ಲೇ ಕಡಿದುಹೋಗುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ.

ಆದಕಾರಣ ಪೋಷಕರಲ್ಲಿ ಒಂದು ಬಿನ್ನಹ. ಮುಂದಿನ ವ್ಯಾಸಂಗದ ಅರ್ಜಿಯನ್ನು ತುಂಬುವುದಕ್ಕೆ ಮುಂಚೆ ಒಮ್ಮೆ ಮಗಳೊಡನೆ ನಮ್ಮ ಪ್ರಯೋಗಶಾಲೆಗೆ ಬಂದು, ಆಕೆ ಕೆಲಸಮಾಡುವುದನ್ನು ಕಣ್ಣಾರೆ ನೋಡಿರಿ. ಕಾಲೇಜುಗಳಲ್ಲಿ ವಿಜ್ಞಾನವನ್ನು ಬೋಧಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಿಂಗಳಿಗೊಂದು ಶನಿವಾರ ಬಂದು ಈ ಹುಡುಗಿಯರ ಪಕ್ಕದಲ್ಲಿ ನಿಲ್ಲುವುದಾದರೆ, ಪ್ರಯೋಗಶಾಲೆಯ ಬಾಗಿಲನ್ನು ಸಂಜೆ ಐದು ಗಂಟೆಯವರೆಗೂ ತೆರೆದಿರಿಸುವೆನು.